ಎರಡು ಮುರಿದ ಸೇತುವೆಗಳ ನಡುವೆ: ಹಂಪಿಯ ಸುತ್ತ ಗೆರೆ ಮೂಡಿದ ಕಥೆ

ಹಂಪಿಯ ವಿಜಯ ವಿಠ್ಠಲ ದೇವಾಲಯದಿಂದ ಹೊಳೆಯ ಕಡೆ ಇಳಿದು ಪುರಂದರ ಮಂಟಪದ ಬಳಿ ನಿಂತರೆ ತುಂಗಭದ್ರೆಯ ನೀರಿನಲ್ಲಿ ಕಲ್ಲುಕಂಬಗಳ ಸಾಲು ಕಾಣುತ್ತದೆ. ವಿಜಯನಗರದ ಕಾಲದ ಸೇತುವೆಯ ಉಳಿಕೆ ಅದು. ಮೇಲಿನ ಹಾಸು ಹೋಗಿ ಎಷ್ಟೋ ಕಾಲವಾಯಿತು. ಕಂಬಗಳು ಮಾತ್ರ ಮಳೆಗಾಲದ ಸೆಳವನ್ನು ತಡೆದುಕೊಂಡು ಇನ್ನೂ ನಿಂತಿವೆ. ಹೊಳೆಯ ಜೊತೆಗೇ ಕೆಳಗೆ ಸಾಗಿದರೆ ತಳವಾರಘಟ್ಟ. ಅಲ್ಲಿ ಕಟ್ಟಿದ ಇನ್ನೊಂದು ಸೇತುವೆ ಒಂದು ದಿನವೂ ಊರಿಗೆ ಉಪಯೋಗವಾಗಲಿಲ್ಲ. ಕಾಮಗಾರಿ ಮುಗಿಯುವ ಮೊದಲೇ, 2009ರ ಜನವರಿಯಲ್ಲಿ, ಕೆಲಸ ಮಾಡುತ್ತಿದ್ದ ಕೂಲಿಗಳ ಸಮೇತ ಹೊಳೆಗೆ ಕುಸಿಯಿತು. ದುಡಿಯಲು ಬಂದವರ ಪ್ರಾಣ ಹೋಯಿತು.

ಈ ಎರಡು ಸೇತುವೆಗಳ ನಡುವೆ ಹಂಪಿಯ ರಕ್ಷಣೆಯ ಇಡೀ ಕಥೆ ಇದೆ. ಇವತ್ತು ಹಂಪಿಯ ಸುತ್ತ 29 ಹಳ್ಳಿಗಳಲ್ಲಿ ಒಂದು ಮನೆಯ ಮೇಲೆ ಮಾಳಿಗೆ ಕಟ್ಟಬೇಕಾದರೂ ಅನುಮತಿ ಬೇಕು. ‘ಕೋರ್ ಝೋನ್’ (ಒಳಗಿನ ಸಂರಕ್ಷಿತ ವಲಯ), ‘ಬಫರ್ ಝೋನ್’ (ಅದರ ಸುತ್ತಲಿನ ವಲಯ) ಎಂಬ ಮಾತುಗಳು ಕಮಲಾಪುರದ ಚಹಾದಂಗಡಿಯಲ್ಲೂ ಆನೆಗೊಂದಿಯ ಕಟ್ಟೆಯಲ್ಲೂ ಕನ್ನಡದ ಮಾತುಗಳೇ ಆಗಿಬಿಟ್ಟಿವೆ. ಈ ವಲಯಗಳ ಗೆರೆ ಎಳೆದವರು ಯಾರು, ಯಾಕೆ ಎಳೆದರು, ಅದಕ್ಕೆ ಬೆಲೆ ತೆತ್ತವರು ಯಾರು?

1565ರ ಯುದ್ಧದ ನಂತರ ರಾಜಧಾನಿ ಹಾಳಾಯಿತು ಎಂದು ಶಾಲೆಯಲ್ಲಿ ಓದಿದ್ದೇವೆ. ಹಾಳಾದದ್ದು ಅರಮನೆ, ಪೇಟೆ, ಕೋಟೆ. ವಿರೂಪಾಕ್ಷನ ಪೂಜೆ ನಿಲ್ಲಲಿಲ್ಲ, ಚೈತ್ರದ ತೇರು ನಿಲ್ಲಲಿಲ್ಲ. ಅರಸರು ತೋಡಿಸಿದ ತುರ್ತು ಕಾಲುವೆ, ಬಸವಣ್ಣ ಕಾಲುವೆಗಳಲ್ಲಿ ನೀರು ಹರಿಯುತ್ತಲೇ ಇತ್ತು, ಈಗಲೂ ಹರಿಯುತ್ತಿದೆ. ದೇವಾಲಯಗಳ ಭಾಗಕ್ಕೂ ಅರಮನೆಯ ಭಾಗಕ್ಕೂ ನಡುವೆ ಬಾಳೆ, ಕಬ್ಬು, ಭತ್ತದ ಹಸಿರು ಕಣಿವೆ ಹಬ್ಬಿದೆಯಲ್ಲ, ಅದು ವಿಜಯನಗರದ ನೀರಾವರಿಯ ಫಲ. ಹಂಪಿಗೆ ಬಂದವರು ಕಲ್ಲಿನ ತೇರಿನ ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಆ ತೇರಿನಷ್ಟೇ ಹಳೆಯದಾದ ಕಾಲುವೆಯನ್ನು ಕಾರಿನಲ್ಲಿ ದಾಟಿ ಬಂದದ್ದು ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ.

ಸರ್ಕಾರಕ್ಕೂ ಬಹಳ ಕಾಲ ಗೊತ್ತಾಗಲಿಲ್ಲ. 1799ರಲ್ಲಿ ಕಾಲಿನ್ ಮೆಕೆಂಜಿ ನಕ್ಷೆ ಮಾಡಿಸಿದ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಫೋಟೊ ತೆಗೆದ. 1900ರಲ್ಲಿ ರಾಬರ್ಟ್ ಸಿವೆಲ್ ತನ್ನ ಇತಿಹಾಸ ಗ್ರಂಥ ಪ್ರಕಟಿಸಿದ. ಪುರಾತತ್ವ ಇಲಾಖೆ ಗುಡಿ, ಮಂಟಪ, ಸ್ನಾನಗೃಹಗಳನ್ನು ಒಂದೊಂದಾಗಿ ‘ಸಂರಕ್ಷಿತ ಸ್ಮಾರಕ’ದ ಪಟ್ಟಿಗೆ ಸೇರಿಸುತ್ತ ಬಂತು. ಪಟ್ಟಿಗೆ ಸೇರಿದ ಕಟ್ಟಡಕ್ಕೆ ಬೇಲಿ ಬಿತ್ತು, ಫಲಕ ಬಂತು. ಎರಡು ಸ್ಮಾರಕಗಳ ನಡುವಿನ ನೆಲಕ್ಕೆ ಯಾರೂ ಹೊಣೆಯಿರಲಿಲ್ಲ. ಮೇಲಾಗಿ ಊರೇ ಎರಡು ಪಾಲಾಗಿತ್ತು. ಹೊಳೆಯ ಈಚೆಗಿನ ಹಂಪಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು, ಆಚೆಗಿನ ಆನೆಗೊಂದಿ ಹೈದರಾಬಾದ್ ನಿಜಾಮನ ರಾಯಚೂರಿನಲ್ಲಿತ್ತು. 1953ರಲ್ಲಿ ಒಂದು ದಡ, 1956ರಲ್ಲಿ ಇನ್ನೊಂದು ದಡ ಮೈಸೂರು ರಾಜ್ಯಕ್ಕೆ ಸೇರಿದವು. ಆಮೇಲೂ ಜಿಲ್ಲೆಗಳು ಎರಡೇ. ಒಂದೇ ಅರಸರ ರಾಜಧಾನಿಗೆ ಇಬ್ಬರು ಜಿಲ್ಲಾಧಿಕಾರಿಗಳು!

1970ರ ದಶಕದ ಉತ್ಖನನಗಳು ಈ ನೋಟವನ್ನು ಬದಲಿಸತೊಡಗಿದವು. ಕೇಂದ್ರ ಮತ್ತು ರಾಜ್ಯದ ಪುರಾತತ್ವ ಇಲಾಖೆಗಳು ಅರಮನೆಯ ಆವರಣದಲ್ಲಿ ಅಗೆದಂತೆಲ್ಲ ಜಗತಿಗಳು, ಪುಷ್ಕರಣಿ, ಕಲ್ಲಿನ ನೀರುಗಾಲುವೆಗಳು ಮೇಲೆದ್ದವು. ಸಂಶೋಧಕರಾದ ಜಾನ್ ಫ್ರಿಟ್ಜ್, ಜಾರ್ಜ್ ಮಿಷೆಲ್ ವರ್ಷಗಟ್ಟಲೆ ಇಲ್ಲಿದ್ದು ಬಂಡೆಬಂಡೆಯ ನಡುವಿನ ಅವಶೇಷಗಳನ್ನು ನಕ್ಷೆಗಿಳಿಸಿದರು. ಇದು ಗುಡಿಗಳ ಗುಂಪಲ್ಲ, ಇಡೀ ನಗರ ಎಂಬುದು ಸ್ಪಷ್ಟವಾಯಿತು. 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಹಂಪಿ ಸೇರಿತು. 1988ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಸುಮಾರು 41.8 ಚದರ ಕಿ.ಮೀ. ಪ್ರದೇಶವನ್ನು ಸಂರಕ್ಷಿತವೆಂದು ಅಧಿಸೂಚನೆ ಹೊರಡಿಸಿತು. ಗೆರೆ ಮೊದಲು ಮೂಡಿದ್ದು ಆಗ, ರಾಜ್ಯಪತ್ರದ ಹಾಳೆಯ ಮೇಲೆ. ನೆಲದ ಮೇಲೆ ಅದು ಕಾಣಿಸಲೇ ಇಲ್ಲ.

1992ರಲ್ಲಿ ಕೇಂದ್ರದ ನಿಯಮವೂ ಬಂತು. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಕಟ್ಟಡ ನಿಷಿದ್ಧ, ಅದರಾಚೆ 200 ಮೀಟರ್‌ವರೆಗೆ ನಿಯಂತ್ರಣ. ಊರ ನಡುವೆ ಒಂಟಿಯಾಗಿರುವ ಗುಡಿಗೆ ಈ ಅಳತೆ ಸಾಕಾದೀತು. 1,600ಕ್ಕೂ ಹೆಚ್ಚು ಅವಶೇಷಗಳು ಬಂಡೆ, ಹೊಲ, ಹೊಳೆದಂಡೆಗಳಲ್ಲಿ ಚೆಲ್ಲಿಕೊಂಡಿರುವ ಕಡೆ ಯಾವ ಕಂಬದಿಂದ ಹಗ್ಗ ಹಿಡಿದು ಅಳೆಯುವುದು?

ಸೇತುವೆಯ ಮಾತು ಎದ್ದದ್ದು ಈ ಹೊತ್ತಿನಲ್ಲೇ. ಆನೆಗೊಂದಿಯವರ ಬೇಡಿಕೆ ನ್ಯಾಯವಾದದ್ದು ಎಂದು ನಾನು ಮೊದಲೇ ಹೇಳುತ್ತೇನೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಲ್ಲಿ ಜನ ಬುಟ್ಟಿಯಂಥ ದುಂಡು ದೋಣಿಗಳಲ್ಲಿ ಹೊಳೆ ದಾಟುವುದನ್ನು ಬರೆದಿದ್ದಾನೆ. ಇಪ್ಪತ್ತನೆಯ ಶತಮಾನ ಮುಗಿಯುತ್ತ ಬಂದರೂ ಆನೆಗೊಂದಿಯ ಬಸುರಿ, ಬಾಣಂತಿ, ಶಾಲೆಯ ಮಕ್ಕಳು ಅದೇ ಹರಿಗೋಲಿನಲ್ಲಿ ದಾಟುತ್ತಿದ್ದರು. ಹೊಳೆ ತುಂಬಿದರೆ ಅದೂ ಇಲ್ಲ. ಹೊಸಪೇಟೆಗೆ ಹೋಗಲು ರಸ್ತೆಯಲ್ಲಿ ಹತ್ತಾರು ಕಿ.ಮೀ. ಸುತ್ತಬೇಕಿತ್ತು. ಸೇತುವೆ ಬೇಕೇ ಬೇಕಿತ್ತು. ತಪ್ಪಾದದ್ದು ಜಾಗದ ಆಯ್ಕೆಯಲ್ಲಿ. ತಳವಾರಘಟ್ಟದಲ್ಲಿ ವಾಹನ ಓಡಾಡುವ ತೂಗುಸೇತುವೆ ಆದರೆ ಲಾರಿಗಳೆಲ್ಲ ಹಳೆಯ ಕೋಟೆ ಬಾಗಿಲಿನೊಳಗೆ ನುಗ್ಗಿ, ಸ್ಮಾರಕಗಳ ನಡುವೆಯೇ ಕಮಲಾಪುರದತ್ತ ಸಾಗಬೇಕಿತ್ತು. ಇನ್ನೊಂದು ಕಡೆ, ಹಂಪಿಯಿಂದ ವಿರೂಪಾಪುರಗಡ್ಡೆಗೆ ಕಾಲುಸೇತುವೆಯ ಕೆಲಸವೂ ಶುರುವಾಗಿತ್ತು. ವಿಶ್ವ ಪರಂಪರೆಯ ತಾಣದ ಎದೆಯ ಮೇಲೆ ಏಕಕಾಲಕ್ಕೆ ಎರಡು ಕಾಂಕ್ರೀಟ್ ಕೆಲಸ!

1999ರ ಡಿಸೆಂಬರ್‌ನಲ್ಲಿ ಮೊರಾಕ್ಕೊದ ಮರಾಕೆಶ್‌ನಲ್ಲಿ ಸೇರಿದ ವಿಶ್ವ ಪರಂಪರೆ ಸಮಿತಿ ಹಂಪಿಯನ್ನು ‘ಅಪಾಯದಲ್ಲಿರುವ ತಾಣ’ಗಳ ಪಟ್ಟಿಗೆ ಸೇರಿಸಿತು. ಕನ್ನಡ ನಾಡಿನ ಹೆಮ್ಮೆಯ ರಾಜಧಾನಿ ಜಗತ್ತಿನ ಮುಂದೆ ಹಾಗೆ ನಿಲ್ಲಬೇಕಾಗಿ ಬಂದದ್ದು ನೋವಿನ ಸಂಗತಿ. ಆದರೆ ಆ ಪೆಟ್ಟು ಬೀಳದಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಕೆಲಸ ನಿಂತಿತು. ರಾಜ್ಯ ಶಾಸನಸಭೆ ಹಂಪಿಗೆಂದೇ ಕಾನೂನು ಮಾಡಿತು: ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಕಾಯ್ದೆ, 2002. ಹೊಳೆಯ ಎರಡೂ ದಡ, ಎರಡೂ ಜಿಲ್ಲೆ, 29 ಹಳ್ಳಿ, ಸುಮಾರು 236 ಚದರ ಕಿ.ಮೀ. ನೆಲ ಮೊದಲ ಸಲ ಒಂದೇ ಕಚೇರಿಯ ಕೈಗೆ ಬಂತು. ದೆಹಲಿಯ ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆಯ ನಳಿನಿ ಠಾಕೂರ್ ಮತ್ತು ಸಂಗಡಿಗರು ಸಮಗ್ರ ನಿರ್ವಹಣಾ ಯೋಜನೆ ತಯಾರಿಸಿದರು. ಬಂಡೆ, ಹೊಳೆ, ಕಾಲುವೆ, ಹೊಲ, ಜಾತ್ರೆ, ಇಲ್ಲಿ ಬದುಕುವ ಜನ ಎಲ್ಲ ಸೇರಿದ್ದೇ ಹಂಪಿ ಎಂಬ ತಿಳಿವಳಿಕೆ ಅದರ ಬುನಾದಿ. ಗಡ್ಡೆಯ ಕಾಲುಸೇತುವೆಯನ್ನು ಕೈಬಿಟ್ಟು ಕಟ್ಟಿದ್ದನ್ನು ತೆಗೆದರು. 2006ರಲ್ಲಿ ಹಂಪಿ ಅಪಾಯದ ಪಟ್ಟಿಯಿಂದ ಹೊರಬಂತು. ತಳವಾರಘಟ್ಟದ ಕೆಲಸ ಷರತ್ತುಗಳೊಂದಿಗೆ ಮತ್ತೆ ಶುರುವಾಗಿ 2009ರಲ್ಲಿ ಕುಸಿದದ್ದನ್ನು ಆಗಲೇ ಹೇಳಿದೆ. ಕೊನೆಗೆ ಆ ಭಾಗದ ಜನರಿಗೆ ದಾರಿಯಾದದ್ದು ಸ್ಮಾರಕಗಳಿಂದ ದೂರದಲ್ಲಿ, ಬುಕ್ಕಸಾಗರ ಮತ್ತು ಕಡೆಬಾಗಿಲು ನಡುವೆ ಕಟ್ಟಿದ ಸೇತುವೆ. ಆ ಜಾಗವನ್ನು ಮೊದಲೇ ಹಿಡಿದಿದ್ದರೆ ಎಷ್ಟು ವರ್ಷ, ಎಷ್ಟು ಹಣ, ಎಷ್ಟು ಜೀವ ಉಳಿಯುತ್ತಿದ್ದವು!

ಇಲ್ಲಿಯವರೆಗೆ ಕಥೆ ಕಾಗದ ಮತ್ತು ಕಾಂಕ್ರೀಟಿನದು. ಮುಂದಿನದು ಮನೆಗಳದು.

ವಿರೂಪಾಕ್ಷ ಗುಡಿಯ ಮುಂದಿನಿಂದ ಎದುರು ಬಸವಣ್ಣನವರೆಗೆ ಸುಮಾರು ಮುಕ್ಕಾಲು ಕಿ.ಮೀ. ಉದ್ದಕ್ಕೆ ತೇರುಬೀದಿ. ಇಕ್ಕೆಲದಲ್ಲಿ ಸಾಲು ಮಂಟಪಗಳು. ವಿಜಯನಗರದ ಕಾಲದಲ್ಲಿ ಅದು ಜನ ಬದುಕಿದ, ವ್ಯಾಪಾರ ಮಾಡಿದ ಬೀದಿ. ಮುಂದಿನ ತಲೆಮಾರುಗಳಲ್ಲಿ ಜನ ಮತ್ತೆ ಅಲ್ಲಿ ನೆಲೆಸಿದರು. ಕಲ್ಲುಕಂಬಗಳ ನಡುವೆ ಗೋಡೆ ಎದ್ದಿತು. ಹೂವು, ಕಾಯಿ, ಮಂಡಕ್ಕಿ, ಮಿರ್ಚಿ ಮಾರುವ ಅಂಗಡಿಗಳಾದವು. ಪ್ರವಾಸಿಗರು ಹೆಚ್ಚಿದಂತೆ ಲಾಡ್ಜು, ಹೋಟೆಲು, ಇಂಟರ್ನೆಟ್ ಕೇಂದ್ರಗಳು ಬಂದವು. ಮಂಟಪದ ನೆತ್ತಿಯ ಮೇಲೆ ಸಿಮೆಂಟಿನ ಅಂತಸ್ತು ಏರಿತು. ಅದು ಸರಿಯಲ್ಲ, ಆ ಭಾರವನ್ನು ಆ ಕಂಬಗಳು ಹೊರಬಾರದಿತ್ತು. ಆದರೆ ವರ್ಷಗಟ್ಟಲೆ ಕಣ್ಣೆದುರೇ ಬೆಳೆಯಲು ಬಿಟ್ಟ ಮೇಲೆ, 2011ರ ಜುಲೈ 29ರಂದು, ಹೈಕೋರ್ಟ್ ಆದೇಶದ ಹಿನ್ನೆಲೆಯಲ್ಲಿ, ಜೆಸಿಬಿಗಳು ಬಂದವು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಒಕ್ಕಲೆದ್ದವು. ಪಾತ್ರೆ, ಹಾಸಿಗೆ, ದೇವರ ಪಟಗಳು ಬೀದಿಗೆ ಬಂದವು. ಅವರಿಗೆ ನಾಲ್ಕು ಕಿ.ಮೀ. ದೂರದ ಕಡ್ಡಿರಾಂಪುರದಲ್ಲಿ ಜಾಗ ಗೊತ್ತುಮಾಡಿದರು. ಅದು ನೆಲೆಯಾಗಲು ವರ್ಷಗಳೇ ಹಿಡಿದವು.

ತೆರವಾದ ತೇರುಬೀದಿ ಈಗ ಉದ್ದಕ್ಕೂ ಕಾಣುತ್ತದೆ, ಚಿತ್ರಕ್ಕೆ ಚೆನ್ನಾಗಿದೆ. ಸಂಜೆ ಏಳರ ಮೇಲೆ ಅಲ್ಲಿ ನಡೆದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಜನ ತುಂಬಿದ ಪೇಟೆಯೆಂದು ಪರದೇಶದವರು ಬೆರಗಾಗಿ ಬರೆದ ಊರಿನ ಬೀದಿಯಲ್ಲಿ ಒಂದು ದೀಪವಿಲ್ಲ. ಕಲ್ಲನ್ನು ಉಳಿಸುವ ಕೆಲಸ ಆಗಲೇಬೇಕಿತ್ತು. ಆ ರೀತಿ ಆಗಬಾರದಿತ್ತು. ಮೊದಲು ಬೇರೆ ಊರು ಕಟ್ಟಿ, ಮನೆಗೆ ಬಾಗಿಲು ಹಚ್ಚಿ, ಆಮೇಲೆ ಬೀದಿ ಬಿಡಿಸಬೇಕಿತ್ತು. ಅಷ್ಟಕ್ಕೂ ಜನ ಹೋದ ಮಾತ್ರಕ್ಕೆ ಕಲ್ಲು ಕ್ಷೇಮವಾಗಲಿಲ್ಲ. 2024ರ ಮೇ ತಿಂಗಳ ಮಳೆಗೆ ಇದೇ ಬೀದಿಯ ಸಾಲು ಮಂಟಪದ ಒಂದು ಭಾಗ ಕುಸಿಯಿತು.

ಗಡ್ಡೆಯ ವಿಷಯ ಬೇರೆ. ಹೊಳೆಯ ಆಚೆ ವಿರೂಪಾಪುರಗಡ್ಡೆಯಲ್ಲಿ ಭತ್ತದ ಗದ್ದೆಗಳ ನಡುವೆ ರೆಸಾರ್ಟುಗಳು ಸಾಲುಗಟ್ಟಿದ್ದವು. ಮಾಲೀಕರು ಕೋರ್ಟಿಗೆ ಹೋದರು. 2015ರಲ್ಲಿ ಹೈಕೋರ್ಟ್, 2020ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟ್ ಅವರ ವಿರುದ್ಧ ತೀರ್ಪು ಕೊಟ್ಟವು. ಸುಪ್ರೀಂ ಕೋರ್ಟಿನ ಪೀಠದಲ್ಲಿದ್ದವರು ನ್ಯಾಯಮೂರ್ತಿ ಮೋಹನ ಶಾಂತನಗೌಡರ ಮತ್ತು ಆರ್. ಸುಭಾಷ್ ರೆಡ್ಡಿ. 1988ರ ಆ ಹಳೆಯ ಅಧಿಸೂಚನೆ ಗಡ್ಡೆಗೂ ಅನ್ವಯಿಸುತ್ತದೆ ಎಂದು ಸ್ಪಷ್ಟವಾಯಿತು. ಮಾರ್ಚ್‌ನಲ್ಲಿ ರೆಸಾರ್ಟುಗಳು ನೆಲಸಮವಾದವು. ರಾಜ್ಯಪತ್ರದ ಹಾಳೆಯ ಮೇಲಿದ್ದ ಗೆರೆ ನೆಲಕ್ಕೆ ಇಳಿಯಲು 32 ವರ್ಷ ಬೇಕಾಯಿತು.

ಒಳ್ಳೆಯ ಉದಾಹರಣೆಯೂ ಇಲ್ಲೇ ಇದೆ. ವಿಠ್ಠಲ ದೇವಾಲಯದ ಹತ್ತಿರಕ್ಕೆ ಈಗ ಪ್ರವಾಸಿಗರ ಕಾರು, ಬಸ್ಸು ಹೋಗುವುದಿಲ್ಲ. ಗೆಜ್ಜಲ ಮಂಟಪದ ಬಳಿ ಇಳಿದು ಬ್ಯಾಟರಿ ವಾಹನ ಹತ್ತಬೇಕು, ಇಲ್ಲವೇ ಸುಮಾರು ಒಂದು ಕಿ.ಮೀ. ನಡೆಯಬೇಕು. ಆ ವಾಹನಗಳನ್ನು ಹೆಣ್ಣುಮಕ್ಕಳು ಓಡಿಸುತ್ತಾರೆ. ಆನೆಗೊಂದಿಯಲ್ಲಿ ಕಿಷ್ಕಿಂದಾ ಟ್ರಸ್ಟ್ ಕೈಜೋಡಿಸಿದ ಮೇಲೆ ಹೆಂಗಸರು ಬಾಳೆನಾರಿನಿಂದ ಬುಟ್ಟಿ, ಚೀಲ ಹೆಣೆಯುತ್ತಾರೆ. ಹಳೆಯ ಮಣ್ಣಿನ ಮನೆಗಳು ದುರಸ್ತಿಯಾಗಿ ಅತಿಥಿಗಳಿಗೆ ತೆರೆದಿವೆ. ಗೆರೆಯೊಳಗಿನ ಜನಕ್ಕೆ ಆ ಗೆರೆಯಿಂದಲೇ ಅನ್ನ ಹುಟ್ಟಿದರೆ ಕಾವಲುಗಾರರನ್ನು ಬೇರೆ ನೇಮಿಸಬೇಕಾಗಿಲ್ಲ.

ಒತ್ತಡ ಕಡಿಮೆಯಾಗಿಲ್ಲ. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು. ಅದು ಹಂಪಿಯಿಂದ ಬರೇ 13 ಕಿ.ಮೀ. ಹೊಳೆಯ ಆಚೆ ಅಂಜನಾದ್ರಿ ಬೆಟ್ಟಕ್ಕೆ ಭಕ್ತರು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ. ಅದರ ಅಭಿವೃದ್ಧಿಗೆ 2022ರ ರಾಜ್ಯ ಬಜೆಟ್‌ನಲ್ಲಿ 100 ಕೋಟಿ ರೂಪಾಯಿ ಘೋಷಣೆಯಾಯಿತು. ಭಕ್ತರಿಗೆ ನೆರಳು, ನೀರು, ಶೌಚಾಲಯ ಬೇಕು, ಅದರಲ್ಲಿ ಎರಡು ಮಾತಿಲ್ಲ. ಎಲ್ಲಿ ಕಟ್ಟುತ್ತೇವೆ ಎಂಬ ಪ್ರಶ್ನೆಯನ್ನು ಮೊದಲು ಕೇಳಬೇಕು. ತಳವಾರಘಟ್ಟದಲ್ಲಿ ನಾವು ಅದನ್ನು ಕೊನೆಗೆ ಕೇಳಿದೆವು.

ಆದ್ದರಿಂದ ಪ್ರಾಧಿಕಾರದವರಲ್ಲಿ ಒಂದು ಬಿನ್ನಹ. ಮುಂದೆ ಯಾವ ನಕ್ಷೆ ತಯಾರಾದರೂ ಅದನ್ನು ಆ 29 ಹಳ್ಳಿಗಳ ಗ್ರಾಮಸಭೆಗಳಲ್ಲಿ, ಕನ್ನಡದಲ್ಲಿ, ಓದಿ ಹೇಳಿ. ಯಾರ ಹೊಲ, ಯಾರ ಮನೆ ಗೆರೆಯೊಳಗೆ ಬರುತ್ತದೆ ಎಂದು ಮೊದಲೇ ತಿಳಿಸಿ. ಹಂಪಿಗೆ ಹೋಗುವ ಓದುಗರಲ್ಲೂ ಒಂದು ಬಿನ್ನಹ. ಗೆಜ್ಜಲ ಮಂಟಪದಿಂದ ವಿಠ್ಠಲನವರೆಗಿನ ಆ ಒಂದು ಕಿ.ಮೀ. ನಡೆದೇ ಹೋಗಿ, ಬರುವಾಗ ತುರ್ತು ಕಾಲುವೆಯ ಏರಿಯ ಮೇಲೆ ಸ್ವಲ್ಪ ಹೊತ್ತು ನಿಂತು ನೀರು ನೋಡಿ ಬನ್ನಿ.