ಆತ್ಮಸಂಸ್ಕಾರದಲ್ಲಿ ದೈವದ ಪಾಲು: ಯಹೂದಿ ಚಿಂತನೆ ಮತ್ತು ಹೊಯ್ಸಳ ನಾಡಿನ ನಿಲುವುಗಳು

ಹಾಸನ–ಬೇಲೂರು ಹಾದಿಯಿಂದ ತುಸು ಒಳಗೆ, ಕೆರೆಯ ದಡದಲ್ಲಿರುವ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯವು ಹೊಯ್ಸಳ ವಾಸ್ತುಶಿಲ್ಪದ ಆರಂಭಘಟ್ಟಕ್ಕೆ ಸೇರಿದ ಚತುಷ್ಕೂಟ. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಗೂ (1117) ಮುಂಚೆ, ಕ್ರಿ.ಶ. 1113ರ ಸುಮಾರಿಗೆ, ವಿಷ್ಣುವರ್ಧನನ ಕಾಲದಲ್ಲಿ ಇದು ನಿರ್ಮಾಣವಾಯಿತು. ಕಟ್ಟಿಸಿದವನು ಅರಸನಲ್ಲ, ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಮಡದಿ ಸಹಜಾದೇವಿ. ಇಂತಹ ಧರ್ಮಕಾರ್ಯಗಳನ್ನು ಪುಣ್ಯಸಂಪಾದನೆಯೆಂದು ಒಂದೇ ಮಾತಿನಲ್ಲಿ ವಿವರಿಸಿ ಮುಗಿಸುವುದು ರೂಢಿ. ಆದರೆ ಅದರ ಹಿಂದೆ ಇನ್ನೂ ಹಳೆಯದೊಂದು ಪ್ರಶ್ನೆಯಿದೆ. ಮನುಷ್ಯನು ತನ್ನನ್ನು ತಾನು ತಿದ್ದಿಕೊಳ್ಳುವ ಕೆಲಸದಲ್ಲಿ ಅವನ ಪಾಲೆಷ್ಟು, ದೇವರ ಪಾಲೆಷ್ಟು? ಈ ಪ್ರಶ್ನೆಗೆ ಹೊಯ್ಸಳ ನಾಡಿನಲ್ಲಿ ಒಂದಕ್ಕಿಂತ ಹೆಚ್ಚು ಉತ್ತರಗಳಿದ್ದವು. ಇದನ್ನೇ ಶತಮಾನಗಳ ಕಾಲ ಚರ್ಚಿಸಿದ ಯಹೂದಿ ಚಿಂತನೆಯ ಪಕ್ಕದಲ್ಲಿಟ್ಟು ನೋಡಿದರೆ ಆ ಉತ್ತರಗಳ ರೂಪ ಇನ್ನಷ್ಟು ಸ್ಪಷ್ಟವಾಗುತ್ತದೆ.

ಯಹೂದಿ ಶಾಸ್ತ್ರವ್ಯಾಖ್ಯಾನಗಳಿಗೆ ಮಿದ್ರಾಶ್ ಎಂದು ಹೆಸರು. ಅಲ್ಲಿ ಬರುವ ಒಂದು ಸಂವಾದ ಹೀಗಿದೆ. ದೇವರ ಕೃತಿ ಮೇಲೋ, ಮನುಷ್ಯನ ಕೃತಿ ಮೇಲೋ ಎಂದು ರೋಮನ್ ಅಧಿಕಾರಿ ಟರ್ನಸ್ ರೂಫಸ್ ಎಂಬುವನು ಎರಡನೆಯ ಶತಮಾನದ ಧರ್ಮಗುರು ರಬ್ಬಿ ಅಕಿವರನ್ನು ಕೇಳುತ್ತಾನೆ. ಮನುಷ್ಯನದೇ ಮೇಲೆಂದು ಹೇಳಿದ ಅಕಿವರು ಗೋಧಿಯ ತೆನೆಗಳನ್ನೂ ಅದೇ ಗೋಧಿಯಿಂದ ಮಾಡಿದ ರೊಟ್ಟಿಗಳನ್ನೂ ತರಿಸಿ ಅವನ ಮುಂದಿಡುತ್ತಾರೆ. ಧರ್ಮಗುರುವಿನ ಬಾಯಲ್ಲಿ ಇದು ದಿಟ್ಟವಾದ ಮಾತೇ ಸರಿ. ರೂಫಸನ ನಿಜವಾದ ಆಕ್ಷೇಪವಿದ್ದುದು ಸುನ್ನತಿಯ ಬಗ್ಗೆ: ದೇವರಿಗೆ ಅದು ಇಷ್ಟವಾಗಿದ್ದರೆ ಮಗು ಹಾಗೆಯೇ ಏಕೆ ಹುಟ್ಟುವುದಿಲ್ಲ? ಆಜ್ಞೆಗಳನ್ನು ಕೊಟ್ಟಿರುವುದೇ ಮನುಷ್ಯನು ಅವುಗಳಿಂದ ಪುಟವಿಟ್ಟಂತೆ ಶುದ್ಧನಾಗಲಿ ಎಂದು, ಎಂಬುದು ಅಕಿವರ ಉತ್ತರದ ಸಾರ. ಬೆರೇಷಿತ್ ರಬ್ಬಾ ಎಂಬ ಮತ್ತೊಂದು ವ್ಯಾಖ್ಯಾನವು ಈ ವಿಚಾರವನ್ನು ಸೃಷ್ಟಿಗೆಲ್ಲ ವಿಸ್ತರಿಸುತ್ತದೆ. ಆರು ದಿನಗಳ ಸೃಷ್ಟಿಯಲ್ಲಿ ಹುಟ್ಟಿದ ಪ್ರತಿಯೊಂದಕ್ಕೂ ಮುಂದಿನ ಕೆಲಸ ಬೇಕು. ಗೋಧಿಯನ್ನು ಬೀಸಬೇಕು, ಸಾಸಿವೆಯನ್ನು ಹದಗೊಳಿಸಬೇಕು, ಮನುಷ್ಯನನ್ನೂ ತಿದ್ದಬೇಕು. ಈ ತಿದ್ದುವಿಕೆಗೆ ಹೀಬ್ರೂ ಭಾಷೆಯಲ್ಲಿ ತಿಕ್ಕೂನ್ ಎಂಬ ಪದವಿದೆ.

ಕೊರತೆಯುಳ್ಳವನಾಗಿ ಹುಟ್ಟಿದ್ದು ಇಲ್ಲಿ ಮನುಷ್ಯನಿಗೆ ಅಪಮಾನವಲ್ಲ. ಉಳಿದ ಕೆಲಸವನ್ನು ಅವನಿಗೆ ಬಿಟ್ಟುಕೊಟ್ಟಿರುವುದರ ಗುರುತು. ಸತ್ಯಕ್ಕನುಗುಣವಾಗಿ ತೀರ್ಪು ನೀಡುವ ನ್ಯಾಯಾಧೀಶನು ಸೃಷ್ಟಿಕಾರ್ಯದಲ್ಲಿ ದೇವರಿಗೆ ಪಾಲುದಾರನಾಗುತ್ತಾನೆ ಎಂದು ತಾಲ್ಮುದ್ ಗ್ರಂಥವು ಭಾವಿಸುತ್ತದೆ. ಪಾಲುದಾರ ಎಂಬ ಅರ್ಥದ ಶುತ್ತಾಫ್ ಎಂಬ ಪದವು ವ್ಯಾಪಾರದ ವ್ಯವಹಾರದಲ್ಲಿಯೂ ಬಳಕೆಯಾಗುವುದು ಗಮನಾರ್ಹ. ಪಾಲುದಾರಿಕೆಯಲ್ಲಿ ಎರಡೂ ಕಡೆಯ ಹೊಣೆ ಬೇರೆಬೇರೆ. ಶುದ್ಧನಾಗಲು ಹೊರಟವನಿಗೆ ಮೇಲಿನಿಂದ ನೆರವು ದೊರೆಯುತ್ತದೆ, ಆದರೆ ಹೊರಡಬೇಕಾದವನು ಅವನೇ. ಉಳಿದೆಲ್ಲವೂ ದೇವರ ಕೈಯಲ್ಲಿದ್ದರೂ ದೇವಭಯ ಮಾತ್ರ ಮನುಷ್ಯನ ಕೈಯಲ್ಲಿದೆ ಎಂಬ ತಾಲ್ಮುದಿನ ನಿಲುವು ಇದಕ್ಕೆ ತಳಹದಿ. ಬಸವಯುಗದ ಸಮಕಾಲೀನರಾದ ಮೈಮೋನಿಡಿಸ್ (1138–1204) ಪಶ್ಚಾತ್ತಾಪಕ್ಕೆ ಒಂದು ಕಠಿಣ ಒರೆಗಲ್ಲನ್ನು ನಿಗದಿಪಡಿಸಿದರು. ಹಿಂದೆ ತಪ್ಪು ಮಾಡಿದ ಅದೇ ಸಂದರ್ಭ, ಅದೇ ಶಕ್ತಿ ಮತ್ತೆ ಒದಗಿದಾಗಲೂ ಅದರಿಂದ ದೂರ ಉಳಿದವನೇ ನಿಜವಾಗಿ ಮರಳಿದವನು. ಹತ್ತೊಂಬತ್ತನೆಯ ಶತಮಾನದ ಲಿಥುವೇನಿಯಾದಲ್ಲಿ ಇಸ್ರೇಲ್ ಸಲಾಂತರ್ ಅವರು ಆರಂಭಿಸಿದ ಮುಸಾರ್ ಚಳವಳಿ ಇದನ್ನೇ ದಿನನಿತ್ಯದ ಶಿಸ್ತಾಗಿಸಿತು.

ಈಗ ಹೊಯ್ಸಳ ನಾಡಿನ ಉತ್ತರಗಳತ್ತ ಬರಬಹುದು. ಶ್ರವಣಬೆಳಗೊಳದ ಜೈನ ನಿಲುವಿನಲ್ಲಿ ಪಾಲುದಾರಿಕೆಯ ಪ್ರಶ್ನೆಯೇ ಏಳುವುದಿಲ್ಲ. ಅಲ್ಲಿ ಸೃಷ್ಟಿಕರ್ತನಿಲ್ಲ, ಹದಿನಾಲ್ಕು ಗುಣಸ್ಥಾನಗಳ ಮೆಟ್ಟಿಲನ್ನು ಜೀವವು ತಾನೇ ಹತ್ತಬೇಕು, ಜಿನನು ಮಾದರಿಯೇ ಹೊರತು ಸಹಾಯಕನಲ್ಲ. ಮಗಳು ಶಾಂತಲೆ ತೀರಿಕೊಂಡ ಬಳಿಕ ಬೆಳಗೊಳದಲ್ಲಿ ಸಲ್ಲೇಖನ ಕೈಗೊಂಡ ಮಾಚಿಕಬ್ಬೆ ಈ ಏಕಾಂಗಿ ಹಾದಿಯ ನಿದರ್ಶನ. ಇನ್ನು ರಾಮಾನುಜರ ಅನುಯಾಯಿಗಳಲ್ಲಿ ಈ ವಿಷಯವೇ ಮುಂದೆ ಎರಡು ಪಂಗಡಗಳ ವಾದವಾಯಿತು. ತಾಯಿಯ ಹೊಟ್ಟೆಯನ್ನು ತಾನೇ ಅವುಚಿಕೊಳ್ಳುವ ಕೋತಿಮರಿಯ ದೃಷ್ಟಾಂತ ವಡಗಲೆಯವರದು. ತಾಯಿಯೇ ಕಚ್ಚಿಕೊಂಡು ಒಯ್ಯುವ ಬೆಕ್ಕಿನ ಮರಿಯ ದೃಷ್ಟಾಂತ ತೆಂಗಲೆಯವರದು. ಯಹೂದಿ ನಿಲುವಿಗೆ ಕೋತಿಮರಿ ಕೊಂಚ ಹತ್ತಿರ. ಆದರೂ ಮರಿಯು ತಾಯಿಯ ಕೆಲಸದಲ್ಲಿ ಪಾಲುಗೊಳ್ಳುವುದಿಲ್ಲ, ಹಿಡಿದುಕೊಂಡಿರುತ್ತದೆ ಅಷ್ಟೆ.

ಪಾಲುದಾರಿಕೆಯ ನಿಜವಾದ ಸಾಮ್ಯ ಕಾಣುವುದು ಅದೇ ಶತಮಾನದಲ್ಲಿ ಕಲ್ಯಾಣದಲ್ಲಿ ರೂಪುಗೊಂಡು ಹೊಯ್ಸಳ ನಾಡಿಗೂ ಹಬ್ಬಿದ ಶರಣಧರ್ಮದಲ್ಲಿ. ಅಲ್ಲಿಯ ಪರಿಭಾಷೆಯಲ್ಲಿ ಮನುಷ್ಯನು ಕಾಯಕದಿಂದ ತಂದದ್ದು ಪದಾರ್ಥ. ಅದು ಲಿಂಗಾರ್ಪಿತವಾಗಿ ಮರಳಿದಾಗ ಪ್ರಸಾದ. ಅಕಿವರ ಗೋಧಿಯನ್ನು ಇದರ ಪಕ್ಕದಲ್ಲಿಟ್ಟರೆ ಕುತೂಹಲಕರವಾದ ತಿರುವೊಂದು ಗೋಚರಿಸುತ್ತದೆ. ಅಲ್ಲಿ ಕಚ್ಚಾವಸ್ತು ದೇವರದು, ಪರಿಷ್ಕಾರ ಮನುಷ್ಯನದು. ಇಲ್ಲಿ ತರುವವನು ಮನುಷ್ಯ, ಪರಿಷ್ಕರಿಸುವುದು ಲಿಂಗ. ಎರಡು ಕಡೆಯೂ ಒಬ್ಬರಿಂದಲೇ ಅಡುಗೆ ಪೂರ್ತಿಯಾಗದು. ಆಹಾರಕ್ಕೆ ಹೇಳಿದ್ದು ಆಳಿಗೂ ಅನ್ವಯ: ಭಕ್ತಸ್ಥಲದಿಂದ ಐಕ್ಯಸ್ಥಲದವರೆಗಿನ ಆರು ಸ್ಥಲಗಳಲ್ಲಿ ಶರಣನ ದೇಹವೇ ಪದಾರ್ಥವಾಗಿ, ಪ್ರಸಾದಕಾಯವಾಗಿ ಮಾರ್ಪಡುತ್ತದೆ. ಕಾಯಕವಿಲ್ಲದೆ ಅರ್ಪಿಸಲು ಏನೂ ಇಲ್ಲ. ಹುಲ್ಲಿನ ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನವರ ಪ್ರಸಂಗವನ್ನು ಶೂನ್ಯಸಂಪಾದನೆಯು ವಿಸ್ತಾರವಾಗಿ ಹೇಳುತ್ತದೆ. ಹುಲ್ಲು ಕೊಯ್ಯುವಾಗ ಜಾರಿಬಿದ್ದ ಇಷ್ಟಲಿಂಗವನ್ನು ಅವರು ಎತ್ತಿಕೊಳ್ಳಲಿಲ್ಲ. ಲಿಂಗವೇ ಅವರ ಬೆನ್ನು ಹತ್ತಿ ಬಂದಿತು. ಮಡಿವಾಳ ಮಾಚಯ್ಯನವರು ನಡುವೆ ನಿಂತು ಮಾತನಾಡಬೇಕಾಯಿತು. ಕೊನೆಗೆ ಲಿಂಗದೇವರೇ ಹಗ್ಗ ಮಾರುವ ಕಾಯಕಕ್ಕೆ ಒಪ್ಪಬೇಕಾಯಿತು ಎಂಬುದು ಐತಿಹ್ಯ. ದೇವರನ್ನೂ ದುಡಿಮೆಗೆ ಹಚ್ಚುವ ಈ ಕಲ್ಪನೆಯಷ್ಟು ಸಲುಗೆ ಮಿದ್ರಾಶ್‌ಗಳಲ್ಲಿಯೂ ಅಪರೂಪ.

ಭೇದವನ್ನೂ ಮರೆಯುವಂತಿಲ್ಲ. ಯಹೂದಿ ಪಾಲುದಾರಿಕೆ ಉಳಿಯಬೇಕಾದರೆ ಪಾಲುದಾರರು ಇಬ್ಬರಾಗಿಯೇ ಉಳಿಯಬೇಕು. ಮನುಷ್ಯ ಎಷ್ಟೇ ತಿದ್ದಿಕೊಂಡರೂ ದೇವರಾಗುವುದಿಲ್ಲ. ಶರಣರ ಪಾಲುದಾರಿಕೆ ಅಂಗ–ಲಿಂಗ ಸಾಮರಸ್ಯದಲ್ಲಿ ತಾನೇ ಕರಗಿಹೋಗುತ್ತದೆ. ಆದ್ದರಿಂದ ಮೈಮೋನಿಡಿಸರ ಪರೀಕ್ಷೆ ಬದುಕಿರುವವರೆಗೂ ಮುಗಿಯದು. ಷಟ್‌ಸ್ಥಲದ ಹಾದಿಗೆ ಒಂದು ಕೊನೆಯುಂಟು.

ಕುಲ್ಲಹಣ ದಂಪತಿಗಳ ದೇವಾಲಯವು ಈ ವಿವೇಚನೆಯಲ್ಲಿ ಇಕ್ಕಟ್ಟಿನ ಸ್ಥಾನದಲ್ಲಿದೆ. ಶಿಲೆಯು ಪ್ರತಿಷ್ಠೆಯ ವಿಧಿಯಿಂದ ದೇವರಾಗುವುದರಿಂದ ಆಗಮದ ದೃಷ್ಟಿಯಲ್ಲಿ ಇಲ್ಲಿಯೂ ಮನುಷ್ಯನ ಪಾಲು ಇದ್ದೇ ಇದೆ. ಆದರೆ ಆ ಪಾಲು ಧನವುಳ್ಳವರಿಗೆ ಮಾತ್ರ ಎಟಕುವಂಥದು. ದೇಹವನ್ನೇ ದೇಗುಲವೆಂದ ಬಸವಣ್ಣನವರ ಆಕ್ಷೇಪಣೆ ಇದ್ದುದೂ ಅಲ್ಲಿಯೇ. ಹಗ್ಗ ಹೊಸೆಯುವವನಿಗೂ ದೇವರ ಪಾಲುದಾರನಾಗುವ ಹಕ್ಕನ್ನು ಕಾಯಕವು ನೀಡಿತು. ಚತುಷ್ಕೂಟವು ಅದನ್ನು ನೀಡಲಾರದಾಗಿತ್ತು. ಹಾಗೆಂದು ವರ್ತಕ ದಂಪತಿಗಳ ಶ್ರದ್ಧೆಯನ್ನು ಕಡೆಗಣಿಸುವುದೂ ಸಲ್ಲದು. ಲಕ್ಷ್ಮಿ, ಕಾಳಿ, ಶಿವ ಸನ್ನಿಧಿಗಳನ್ನು ಒಂದೇ ಸೂರಿನಡಿ ತಂದ ಔದಾರ್ಯ ಅವರದು. ಅವರು ನಿಲ್ಲಿಸಿದ ಗುಡಿಯ ಕಾಳಿಯ ವಿಗ್ರಹವು 2020ರ ನವೆಂಬರಿನಲ್ಲಿ ಒಡೆದ ಸ್ಥಿತಿಯಲ್ಲಿ ಕಂಡುಬಂದಾಗ, ಒಂಬತ್ತು ಶತಮಾನ ಕಳೆದ ಮೇಲೂ ಅದನ್ನು ಸರಿಪಡಿಸುವ ಕೆಲಸ ಮತ್ತೆ ಮನುಷ್ಯರ ಪಾಲಿಗೇ ಬಂದಿತು.