ಉಪ್ಪು ತಿಂದ ಕಾರು ನೀರು ಕುಡಿಯಲೇಬೇಕು

ಅಮೆರಿಕದ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ಮೋಟಾರು ಕಾರುಗಳ ತವರೆಂದು ಶಾಲೆಯ ಭೂಗೋಳ ಪುಸ್ತಕದಲ್ಲೇ ಓದಿದ್ದೇವೆ. ಅದೇ ನಗರದ ನೆಲದಡಿಯಲ್ಲಿ, ಸಾವಿರ ಅಡಿಗೂ ಹೆಚ್ಚು ಆಳದಲ್ಲಿ, ದೊಡ್ಡದೊಂದು ಉಪ್ಪಿನ ಗಣಿ ಇದೆಯೆಂಬುದು ಅನೇಕರಿಗೆ ಗೊತ್ತಿಲ್ಲ. ಅಲ್ಲಿ ಅಗೆದ ಕಲ್ಲುಪ್ಪು ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗಳಿಗೆ ಬೀಳುತ್ತದೆ. ಮೇಲೆ ಕಾರು ತಯಾರಿಸುವ ಊರು, ಕೆಳಗೆ ಕಾರನ್ನೇ ತಿಂದುಹಾಕುವ ಉಪ್ಪು!

ಈ ಉಪ್ಪಿಗೆ ಸುಲಭವಾಗಿ ತುತ್ತಾಗುವ ವಾಹನವೆಂದರೆ ಬಟ್ಟೆಯ ಛಾವಣಿಯ ಪುಟ್ಟ ಸ್ಪೋರ್ಟ್ಸ್ ಕಾರು. ಜಪಾನಿನ ಮಜ್ದಾ ಕಂಪೆನಿಯ ಎಂಎಕ್ಸ್-5 ಇದಕ್ಕೆ ಒಳ್ಳೆಯ ಉದಾಹರಣೆ. 1989ರ ಫೆಬ್ರುವರಿಯಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡ ಈ ಕಾರಿಗೆ ಅಮೆರಿಕದಲ್ಲಿ ಮಿಯಾಟಾ ಎಂದು ಹೆಸರು. ಎರಡೇ ಆಸನ, ಹಿಂದಕ್ಕೆ ಮಡಚುವ ಛಾವಣಿ. ಮೊದಲ ಮಾದರಿಯ ತೂಕ ಒಂದು ಟನ್ನಿಗಿಂತಲೂ ಕಡಿಮೆ. 2016ರ ಹೊತ್ತಿಗೆ ಹತ್ತು ಲಕ್ಷ ಕಾರುಗಳು ತಯಾರಾಗಿದ್ದವು. ಹಾಗಾಗಿ ಹಳೆಯವು ಅಲ್ಲಿ ಬೇಕಾದಷ್ಟು ಸಿಗುತ್ತವೆ. ಉನ್ನತ ವ್ಯಾಸಂಗಕ್ಕೆಂದು ಮಿಷಿಗನ್ನಿಗೋ ಕೆನಡಾಕ್ಕೋ ಹೋದ ನಮ್ಮ ಹುಡುಗ ಹುಡುಗಿಯರ ಕಣ್ಣು ಇಂಥ ಕಾರಿನ ಮೇಲೆ ಬಿದ್ದರೆ ಆಶ್ಚರ್ಯವಿಲ್ಲ. ಆದರೆ ಅದನ್ನು ಚಳಿಗಾಲ ದಾಟಿಸುವುದೆಂದರೆ ರಸಾಯನಶಾಸ್ತ್ರದ ಒಂದು ಪ್ರಾಯೋಗಿಕ ಪರೀಕ್ಷೆಯೇ ಸರಿ.

ಶತ್ರು ಚಳಿಯಲ್ಲ

ಶುದ್ಧ ನೀರು ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ. ಉಪ್ಪು ಬೆರೆತಷ್ಟೂ ಅದರ ಘನೀಭವನ ಬಿಂದು ಕೆಳಗಿಳಿಯುತ್ತದೆ. ನೂರಕ್ಕೆ 23ರಷ್ಟು ಉಪ್ಪಿರುವ ದ್ರಾವಣ ಮೈನಸ್ 21 ಡಿಗ್ರಿಯವರೆಗೆ ದ್ರವವಾಗಿಯೇ ಉಳಿಯಬಲ್ಲದು. ರಸ್ತೆಯ ಮಂಜುಗಡ್ಡೆ ಕರಗುವುದು ಇದರಿಂದಲೇ. ಜನರ ಜೀವ ಉಳಿಸುವ ಉಪಾಯವಿದು, ಬೇಡವೆನ್ನುವಂತಿಲ್ಲ. ಆದರೆ ಕರಗಿದ ಉಪ್ಪುನೀರು ಚಕ್ರಗಳಿಂದ ಚಿಮ್ಮಿ ಕಾರಿನ ಅಡಿಭಾಗದ ಮೂಲೆ ಮೂಲೆಗೂ ಸೇರುತ್ತದೆ.

ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು, ಆಮ್ಲಜನಕ ಎರಡೇ ಸಾಕು. ಹಾಗಾದರೆ ಉಪ್ಪಿನ ಪಾತ್ರವೇನು? ತುಕ್ಕು ಹಿಡಿಯುವುದೆಂದರೆ ಲೋಹದ ಮೇಲೆ ನಡೆಯುವ ಒಂದು ಸಣ್ಣ ವಿದ್ಯುತ್ಕೋಶದ ಕೆಲಸ. ಉಪ್ಪುನೀರು ಒಳ್ಳೆಯ ವಿದ್ಯುದ್ವಾಹಕವಾದ್ದರಿಂದ ಆ ಕೆಲಸ ಚುರುಕಾಗುತ್ತದೆ. ಜೊತೆಗೆ ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಬಣ್ಣದ ಕೆಳಗೆ ಅದು ಊದಿಕೊಂಡಾಗ ಬಣ್ಣ ಬಿರಿದು ಇನ್ನಷ್ಟು ಉಪ್ಪುನೀರಿಗೆ ದಾರಿಯಾಗುತ್ತದೆ. ಮಂಗಳೂರು, ಕಾರವಾರದ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಕಡಲ ಗಾಳಿ ಕಿಟಕಿಯ ಸರಳುಗಳಿಗೆ ಮಾಡುವುದನ್ನೇ ಅಲ್ಲಿ ರಸ್ತೆ ಕಾರಿಗೆ ಮಾಡುತ್ತದೆ.

ಇಲ್ಲೊಂದು ವಿಚಿತ್ರವಿದೆ. ಉಪ್ಪು ಮೆತ್ತಿದ ಕಾರನ್ನು ಬೆಚ್ಚಗಿನ ಗ್ಯಾರೇಜಿನಲ್ಲಿಟ್ಟರೆ ಕ್ಷೇಮವೆಂದು ತೋರುತ್ತದೆ. ವಾಸ್ತವವಾಗಿ ಅಲ್ಲೇ ತುಕ್ಕು ಹೆಚ್ಚು! ರಾಸಾಯನಿಕ ಕ್ರಿಯೆಗಳು ಬಿಸಿಗೆ ಚುರುಕಾಗುತ್ತವೆ. ಹೊರಗೆ ಗಡ್ಡೆಯಾಗಿದ್ದ ಉಪ್ಪುಕೆಸರು ಒಳಗೆ ಕರಗಿ ಸಂದಿಗಳಿಗೆ ಇಳಿಯುತ್ತದೆ. ತಣ್ಣಗಿದ್ದರೂ ಒಣಗಿದ, ಗಾಳಿಯಾಡುವ ಕೊಟ್ಟಿಗೆ ಇದಕ್ಕಿಂತ ಮೇಲು. ಎಲ್ಲಕ್ಕಿಂತ ಮುಖ್ಯವಾದ ಮದ್ದು ಬರಿಯ ನೀರು. ಉಷ್ಣಾಂಶ ಸೊನ್ನೆಗಿಂತ ಮೇಲೇರಿದ ದಿನ ನೋಡಿ ಕಾರಿನ ಅಡಿಭಾಗವನ್ನು, ಚಕ್ರದ ಗೂಡುಗಳನ್ನು ಚೆನ್ನಾಗಿ ತೊಳೆಯಬೇಕು. ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬ ಗಾದೆ ಕಾರಿಗೂ ಸಲ್ಲುತ್ತದೆ.

ಬೆರಳು ಗಾತ್ರದ ಕೊಳವೆ

ಬಟ್ಟೆಯ ಛಾವಣಿಯ ಮೇಲೆ ಬಿದ್ದ ಮಳೆ, ಕರಗಿದ ಹಿಮ ಎಲ್ಲಿಗೆ ಹೋಗುತ್ತದೆ? ಮಿಯಾಟಾದಲ್ಲಿ ಅದು ಆಸನಗಳ ಹಿಂದಿನ ಒಂದು ದೋಣಿಗೆ ಇಳಿದು, ಎರಡೂ ಬದಿಯ ಸಣ್ಣ ಕೊಳವೆಗಳ ಮೂಲಕ ಹಿಂದಿನ ಚಕ್ರಗಳ ಮುಂದೆ ನೆಲಕ್ಕೆ ಸೋರಿ ಹೋಗುತ್ತದೆ. ಶರತ್ಕಾಲದಲ್ಲಿ ಉದುರಿದ ಎಲೆ, ಕಸ ಇಲ್ಲಿ ಸಿಕ್ಕಿಕೊಂಡರೆ ನೀರು ಹೊರಹೋಗಲು ದಾರಿಯಿಲ್ಲದೆ ಒಳಗಿನ ಕಾರ್ಪೆಟ್ಟಿಗೆ, ಬಾಗಿಲುಗಳ ಕೆಳಗಿನ ಪೊಳ್ಳು ತೊಲೆಗಳಿಗೆ ಇಳಿಯುತ್ತದೆ. ಛಾವಣಿಯಿಲ್ಲದ ಕಾರಿನಲ್ಲಿ ದೇಹದ ಬಿಗಿತವೆಲ್ಲ ಆ ತೊಲೆಗಳ ಮೇಲೆಯೇ ನಿಂತಿರುವುದು. ಅವು ಒಳಗಿನಿಂದ ಕೊಳೆತರೆ ಹೊರಗೆ ಮಿರುಗುವ ಬಣ್ಣವಿದ್ದು ಏನು ಪ್ರಯೋಜನ? ಚಳಿಗೆ ಮುನ್ನ ಮೆತ್ತನೆಯ ಪ್ಲಾಸ್ಟಿಕ್ ತಂತಿಯಿಂದ ಕೊಳವೆ ಬಿಡಿಸಿ, ಒಂದು ಲೋಟ ನೀರು ಹೊಯ್ದು ಕೆಳಗೆ ಇಳಿಯುತ್ತದೆಯೇ ನೋಡುವುದು ಹತ್ತು ನಿಮಿಷದ ಕೆಲಸ.

ಛಾವಣಿಗೂ ಕೆಲವು ಕಟ್ಟುಪಾಡುಗಳಿವೆ. ಮೊದಲ ಮಾದರಿಯ ಹಿಂದಿನ ಕಿಟಕಿ ಪ್ಲಾಸ್ಟಿಕ್ಕಿನದು. ಕೊರೆವ ಚಳಿಯಲ್ಲಿ ಅದು ಪೆಡಸಾಗಿ, ಮಡಚಿದರೆ ಸೀಳುತ್ತದೆ. ಒದ್ದೆ ಛಾವಣಿಯನ್ನು ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಹಿಮವನ್ನು ಮೃದುವಾದ ಕುಂಚದಿಂದ ಗುಡಿಸಬೇಕೇ ಹೊರತು ಗಾಜಿಗೆ ಬಳಸುವ ಕೆರೆಯುವ ಸಾಧನ ತಾಗಿಸಬಾರದು. ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ತೇವ ಒಳಗೇ ಉಳಿಯುತ್ತದೆ, ಗಾಳಿಯಾಡುವ ಬಟ್ಟೆಯ ಹೊದಿಕೆಯೇ ಸರಿ.

ಬ್ಯಾಟರಿ ಮತ್ತು ಸಿಹಿ ವಿಷ

ಚಳಿಯಲ್ಲಿ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ. ಮೈನಸ್ 18 ಡಿಗ್ರಿಯಲ್ಲಿ ಅದರ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಎಣ್ಣೆ ದಪ್ಪವಾಗಿ ಎಂಜಿನ್ ತಿರುಗಿಸಲು ಹೆಚ್ಚು ಶಕ್ತಿ ಬೇಕಾಗುತ್ತದೆ. ಪೂರ್ತಿ ಚಾರ್ಜ್ ಆದ ಸೀಸ-ಆಮ್ಲ ಬ್ಯಾಟರಿ ಮೈನಸ್ 50 ಡಿಗ್ರಿಯಲ್ಲೂ ಹೆಪ್ಪುಗಟ್ಟದು. ಖಾಲಿಯಾದ ಬ್ಯಾಟರಿಯಲ್ಲಿ ಆಮ್ಲ ತೆಳುವಾಗಿ ಬಹುಪಾಲು ನೀರೇ ಉಳಿದಿರುವುದರಿಂದ ಮೈನಸ್ 10ರ ಆಸುಪಾಸಿನಲ್ಲೇ ಹೆಪ್ಪುಗಟ್ಟಿ ಕವಚ ಬಿರಿಯಬಹುದು. ಆದ್ದರಿಂದ ತಿಂಗಳುಗಟ್ಟಲೆ ನಿಲ್ಲುವ ಕಾರಿನ ಬ್ಯಾಟರಿಗೆ ತಾನಾಗಿಯೇ ನಿಲ್ಲಿಸಿಕೊಳ್ಳುವ ಸಣ್ಣ ಚಾರ್ಜರ್ ಜೋಡಿಸುವುದು ವಾಡಿಕೆ. ಹಳೆಯ ಮಿಯಾಟಾದಲ್ಲಿ ಬ್ಯಾಟರಿ ಇರುವುದು ಡಿಕ್ಕಿಯೊಳಗೆ. ಹೊಸದನ್ನು ಹಾಕುವಾಗ, ಅದರಿಂದ ಹೊಮ್ಮುವ ಅನಿಲವನ್ನು ಹೊರಗೆ ಸಾಗಿಸುವ ಕೊಳವೆಯೂ ಜೋಡಣೆಯಾಗಿದೆಯೇ ನೋಡಬೇಕು.

ನೀರು ಹೆಪ್ಪುಗಟ್ಟಿದಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಎಂಜಿನ್ನಿನೊಳಗೆ ಹೀಗಾದರೆ ಎರಕದ ಲೋಹವೂ ಸೀಳೀತು. ಅದಕ್ಕೇ ರೇಡಿಯೇಟರ್‌ನಲ್ಲಿ ನೀರಿನೊಡನೆ ಎಥಿಲೀನ್ ಗ್ಲೈಕಾಲ್ ಬೆರೆಸುತ್ತಾರೆ. ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿಯೊಂದಿದೆ. ಶುದ್ಧ ಗ್ಲೈಕಾಲ್ ಸುಮಾರು ಮೈನಸ್ 13 ಡಿಗ್ರಿಯಲ್ಲೇ ಗಟ್ಟಿಯಾಗುತ್ತದೆ, ನೀರು ಸೊನ್ನೆಯಲ್ಲಿ. ಎರಡನ್ನೂ ಸಮಸಮ ಬೆರೆಸಿದರೆ ಮಿಶ್ರಣ ಸುಮಾರು ಮೈನಸ್ 37ರವರೆಗೆ ತಡೆಯುತ್ತದೆ! ಈ ದ್ರವ ರುಚಿಗೆ ಸಿಹಿ, ಆದರೆ ಮೂತ್ರಪಿಂಡಗಳನ್ನು ಕೆಡಿಸಿ ಪ್ರಾಣ ತೆಗೆಯುವ ವಿಷ. ನೆಲಕ್ಕೆ ಚೆಲ್ಲಿದ್ದನ್ನು ನಾಯಿ, ಬೆಕ್ಕು ನೆಕ್ಕುತ್ತವೆ. ಮಕ್ಕಳಿರುವ ಮನೆಯಲ್ಲಂತೂ ಡಬ್ಬಿಯನ್ನು ಬೀಗ ಹಾಕಿಯೇ ಇಡಬೇಕು.

ನಿಲ್ಲಿಸುವುದೋ, ಓಡಿಸುವುದೋ?

ಜರ್ಮನಿಯಲ್ಲಿ 1997ರಿಂದ ಋತುಮಾನದ ನಂಬರ್ ಫಲಕದ ಏರ್ಪಾಡಿದೆ. ಯಾವ ತಿಂಗಳಿಂದ ಯಾವ ತಿಂಗಳವರೆಗೆ ವಾಹನ ರಸ್ತೆಗಿಳಿಯಬಹುದೆಂದು ಫಲಕದಲ್ಲೇ ಅಚ್ಚಾಗಿರುತ್ತದೆ. ತೆರಿಗೆ ಅಷ್ಟು ತಿಂಗಳಿಗೆ ಮಾತ್ರ. ಛಾವಣಿ ತೆರೆಯುವ ಕಾರುಗಳನ್ನು ಅಲ್ಲಿ ಹಲವರು ಚಳಿಗಾಲಕ್ಕೆ ಮಲಗಿಸಿಬಿಡುತ್ತಾರೆ.

ಮಲಗಿಸುವ ಕ್ರಮ ಹೀಗೆ. ಹಳೆಯ ಎಂಜಿನ್ ಎಣ್ಣೆಯಲ್ಲಿ ಆಮ್ಲ, ತೇವ ಸೇರಿರುವುದರಿಂದ ಮೊದಲೇ ಬದಲಿಸಬೇಕು. ಟ್ಯಾಂಕ್ ತುಂಬಿಸಿಟ್ಟರೆ ಒಳಗೆ ತೇವಗಾಳಿಗೆ ಜಾಗ ಉಳಿಯದು. ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಕಚ್ಚಿಕೊಳ್ಳುತ್ತದೆ. ಸಮತಟ್ಟಾದ ನೆಲದಲ್ಲಿ ಗೇರ್‌ಗೆ ಹಾಕಿ, ಚಕ್ರಗಳಿಗೆ ಮರದ ತುಂಡು ಕೊಡಬೇಕು.

ವಾರಕ್ಕೊಮ್ಮೆ ಐದು ನಿಮಿಷ ಎಂಜಿನ್ ಚಾಲೂ ಮಾಡುವುದು ಒಳ್ಳೆಯದೆಂಬ ನಂಬಿಕೆ ಬಹಳ ಜನರಲ್ಲಿದೆ. ಇದು ಉಪಕಾರಕ್ಕಿಂತ ಅಪಕಾರವೇ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗದಿದ್ದರೆ ಅದು ಎಣ್ಣೆಯಲ್ಲಿ, ಹೊಗೆ ಕೊಳವೆಯಲ್ಲಿ ನೀರಾಗಿಯೇ ಉಳಿಯುತ್ತದೆ. ಇದಕ್ಕಿಂತ ಘೋರವಾದದ್ದು ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸುವುದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಸದ್ದಿಲ್ಲದೆ ಕೊಲ್ಲುತ್ತದೆ. ಮಕ್ಕಳನ್ನು ಚಳಿಯ ದೇಶಕ್ಕೆ ಕಳಿಸುವ ತಂದೆತಾಯಿಗಳು ಉಣ್ಣೆಯ ಸ್ವೆಟರಿನ ಜೊತೆ ಈ ಒಂದು ಮಾತನ್ನೂ ಕಟ್ಟಿ ಕಳಿಸಬೇಕು.

ಓಡಿಸಲೇಬೇಕಾದರೆ ನಾಲ್ಕೂ ಚಕ್ರಗಳಿಗೆ ಚಳಿಗಾಲದ ಟೈರ್ ಬೇಕು. ಸುಮಾರು 7 ಡಿಗ್ರಿಗಿಂತ ಕೆಳಗೆ ಬೇಸಿಗೆ ಟೈರಿನ ರಬ್ಬರ್ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಹಗುರವಾದ, ಹಿಂದಿನ ಚಕ್ರಗಳು ನೂಕುವ ಇಂಥ ಕಾರು ಮಂಜಿನ ಮೇಲೆ ಬುಗುರಿಯಂತೆ ತಿರುಗಿಬಿಡಬಹುದು. ಕೆನಡಾದ ಕ್ವಿಬೆಕ್ ಪ್ರಾಂತ್ಯ 2008ರಲ್ಲೇ ಚಳಿಗಾಲದ ಟೈರನ್ನು ಕಡ್ಡಾಯ ಮಾಡಿತು.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತಾಗಬಾರದು. ಈ ಕೆಲಸಗಳೆಲ್ಲ ಮೊದಲ ಹಿಮ ಬೀಳುವ ಮುನ್ನವೇ ಮುಗಿದಿರಬೇಕು. ಕಾರಿನ ಆಯುಸ್ಸನ್ನು ನಿರ್ಧರಿಸುವುದು ಎಂಜಿನ್ನಿನ ಬಲಕ್ಕಿಂತ ಹೆಚ್ಚಾಗಿ ಆ ಬೆರಳು ಗಾತ್ರದ ಕೊಳವೆ ಮತ್ತು ಒಂದಿಷ್ಟು ಸಿಹಿನೀರು.

ಹಳೆಯದನ್ನು ಕೊಳ್ಳುವ ಮುನ್ನ

* ಹಿಂದಿನ ಚಕ್ರಗಳ ಮುಂದೆ, ಬಾಗಿಲಿನ ಕೆಳಗೆ ಬಣ್ಣ ಉಬ್ಬಿದೆಯೇ ನೋಡಿ. ಹೊರಗಿನ ಒಂದು ಗುಳ್ಳೆ ಎಂದರೆ ಒಳಗೆ ಅದಕ್ಕಿಂತ ಹೆಚ್ಚು ತುಕ್ಕಿದೆಯೆಂದೇ ತಿಳಿಯಿರಿ.

* ಆಸನಗಳ ಹಿಂದಿನ ಕಾರ್ಪೆಟ್ಟನ್ನು ಅಂಗೈಯಿಂದ ಒತ್ತಿ. ಒದ್ದೆಯಿದ್ದರೆ ಕೊಳವೆ ಕಟ್ಟಿರಬಹುದು.

* ಕಾರನ್ನು ಮೇಲೆತ್ತಿಸಿ ಬ್ರೇಕ್ ಕೊಳವೆಗಳನ್ನು ಬಲ್ಲವರಿಂದ ಪರೀಕ್ಷಿಸಿ. ಉಕ್ಕಿನ ಕೊಳವೆ ತುಕ್ಕು ಹಿಡಿದು ಒಡೆದರೆ ಬ್ರೇಕ್ ಹಿಡಿಯದು. ಇದರಲ್ಲಿ ಚೌಕಾಶಿ ಬೇಡ.

* ಟೈರಿನ ಪಕ್ಕದಲ್ಲಿ ತಯಾರಾದ ವಾರ ಮತ್ತು ವರ್ಷ ನಾಲ್ಕು ಅಂಕಿಗಳಲ್ಲಿರುತ್ತದೆ. 3521 ಎಂದರೆ 2021ರ 35ನೆಯ ವಾರ.