ಕಂಪ್ರೆಸರ್ ಮೋಟಾರು ಸುಡುವುದೇಕೆ? ಕಾಪಾಡಿಕೊಳ್ಳುವುದು ಹೇಗೆ?

ನಮ್ಮ ಹಿರಿಯರು ಕಪಿಲೆ ಹೊಡೆದು ನೀರೆತ್ತುತ್ತಿದ್ದ ಕಾಲದಲ್ಲಿ ಎತ್ತಿಗೆ ದಣಿವಾದರೆ ಅದು ನಿಂತುಬಿಡುತ್ತಿತ್ತು. ಬಾರುಕೋಲು ಬೀಸಿದರೂ ಹೆಜ್ಜೆ ಮುಂದಿಡುತ್ತಿರಲಿಲ್ಲ. ರೈತನಿಗೆ ಅದೇ ಸೂಚನೆ. ಎತ್ತನ್ನು ಬಿಚ್ಚಿ, ನೆರಳಿಗೆ ಕಟ್ಟಿ, ಹುಲ್ಲು ನೀರು ತೋರಿಸುತ್ತಿದ್ದನು. ವಿದ್ಯುಚ್ಛಕ್ತಿಯ ಮೋಟಾರಿಗೆ ಈ ಗುಣವಿಲ್ಲ. ಹೊರೆ ಹೆಚ್ಚಿದಷ್ಟೂ ಅದು ತಂತಿಯಿಂದ ಹೆಚ್ಚು ವಿದ್ಯುತ್ತನ್ನು ಎಳೆದುಕೊಳ್ಳುತ್ತದೆ. ತನ್ನ ಮೈಯನ್ನೇ ಸುಟ್ಟುಕೊಳ್ಳುವವರೆಗೂ ಬಾಯಿಬಿಡದೆ ದುಡಿಯುತ್ತದೆ. ಆದ್ದರಿಂದ ಅದರ ದಣಿವನ್ನು ಅರಿತು ನಿಲ್ಲಿಸುವ ಕಾವಲುಗಾರನನ್ನು ನಾವೇ ಇಡಬೇಕಾಗಿದೆ.

ತಳಿ, ಡೆಂಕಣಿಕೋಟೆ, ಕೆಲಮಂಗಲ, ಬಾಗಲೂರು, ಶೂಲಗಿರಿ ಕಡೆಯ ನೆಲ ಗಟ್ಟಿ ಕಲ್ಲಿನ ನೆಲ. ತೆರೆದ ಬಾವಿಗಳು ಬತ್ತಿದ ಮೇಲೆ ಕೋಸು, ಟೊಮೇಟೊ, ಗುಲಾಬಿ ಎಲ್ಲಕ್ಕೂ ಬೋರೇ ಗತಿ. ನೀರು ಕಡಿಮೆಯಾಗಿ ಮರಳು ಬರುವ ಬೋರುಗಳಲ್ಲಿ ಗಾಳಿಯ ಕಂಪ್ರೆಸರಿನಿಂದ ನೀರೆತ್ತುವುದು ರೂಢಿ. ಇದರಲ್ಲಿ ಮೋಟಾರು ನೆಲದ ಮೇಲೆಯೇ ಇರುತ್ತದೆ. ಬೋರಿನೊಳಕ್ಕೆ ಎರಡು ಕೊಳವೆಗಳು ಮಾತ್ರ ಇಳಿಯುತ್ತವೆ. ಒಂದರಲ್ಲಿ ಗಾಳಿ ಇಳಿದು, ಇನ್ನೊಂದರಲ್ಲಿ ಗುಳ್ಳೆಗೂಡಿದ ನೀರು ಹಗುರಾಗಿ ಮೇಲೇರುತ್ತದೆ. ಕೆಟ್ಟರೆ ಪೈಪು ಎತ್ತುವ ಕಷ್ಟವಿಲ್ಲವೆಂಬುದು ಇದರ ಅನುಕೂಲ. ಆದರೆ ಅಷ್ಟೇ ನೀರಿಗೆ ನೀರೊಳಗಿನ ಮೋಟಾರಿಗಿಂತ ಹೆಚ್ಚು ವಿದ್ಯುತ್ತು ಬೇಕು. ಅಂದರೆ ಮೋಟಾರು ಹೆಚ್ಚು ಹೊತ್ತು, ಹೆಚ್ಚು ಹೊರೆ ಹೊತ್ತು ಓಡಬೇಕು.

ತಮಿಳುನಾಡಿನಲ್ಲಿ ಬೇಸಾಯದ ಪಂಪಿಗೆ ವಿದ್ಯುತ್ತು ಪುಕ್ಕಟೆ. ಆದರೆ ವೈಂಡಿಂಗು ಪುಕ್ಕಟೆಯಲ್ಲ. ಬೇಸಿಗೆಯಲ್ಲಿ ಮೋಟಾರು ಸುಟ್ಟರೆ ಅಂಗಡಿಯವನ ಕೂಲಿಯೊಂದೇ ನಷ್ಟವಲ್ಲ. ಅದು ರಿಪೇರಿಯಾಗಿ ಬರುವ ದಿನಗಳಲ್ಲಿ ಹೂಬಿಟ್ಟ ಟೊಮೇಟೊ ಬಾಡುತ್ತದೆ, ಮೊಗ್ಗು ಉದುರುತ್ತದೆ. ಹೋದ ಬೆಳೆಯನ್ನು ಯಾವ ಅಂಗಡಿಯಲ್ಲಿಯೂ ಕಟ್ಟಿಸಲಾಗದು.

ಸುಡುವುದೆಂದರೇನು?

ಮೋಟಾರಿನ ಒಳಗೆ ತಾಮ್ರದ ತಂತಿಯ ಸುರುಳಿಗಳಿವೆ. ಒಂದು ಎಳೆ ಇನ್ನೊಂದನ್ನು ಮುಟ್ಟದಂತೆ ಅದರ ಮೇಲೆ ತೆಳುವಾದ ಲೇಪವಿದೆ. ಸುಡುವುದು ತಾಮ್ರವಲ್ಲ, ಈ ಲೇಪ. ಲೇಪ ಸೀದು ಉದುರಿದರೆ ತಂತಿಗೆ ತಂತಿ ತಗುಲಿ ಮೋಟಾರು ಹೋಯಿತು. ಲೇಪ ತಡೆಯಬಲ್ಲ ಬಿಸಿಗೆ ಒಂದು ಮಿತಿಯುಂಟು: ‘ಬಿ’ ದರ್ಜೆಯದಕ್ಕೆ 130 ಡಿಗ್ರಿ, ‘ಎಫ್’ ದರ್ಜೆಯದಕ್ಕೆ 155 ಡಿಗ್ರಿ ಸೆಂಟಿಗ್ರೇಡು. ಮಿತಿಯ ಮೇಲೆ ಪ್ರತಿ 10 ಡಿಗ್ರಿಗೂ ಲೇಪದ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುವುದೆಂದು ಎಂಜಿನಿಯರುಗಳ ಲೆಕ್ಕ. ಇಂದು ಬಿಸಿಯಾಗಿಯೂ ಓಡಿತೆಂದು ಸಮಾಧಾನಪಡುವವನು ನಾಳಿನ ವರ್ಷಗಳನ್ನು ಇಂದೇ ಉರಿಸುತ್ತಿದ್ದಾನೆ.

ಬಿಸಿ ಏರುವ ಲೆಕ್ಕವೂ ವಿಚಿತ್ರ. ವಿದ್ಯುತ್ತಿನ ಓಟ ಎರಡು ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಕಾವು ಎರಡಲ್ಲ, ನಾಲ್ಕು ಪಟ್ಟು. ಒಂದೂವರೆ ಪಟ್ಟಾದರೆ ಕಾವು ಎರಡೂಕಾಲು ಪಟ್ಟು. ಸ್ವಲ್ಪ ಹೆಚ್ಚಾದರೆ ಏನಾಯಿತು ಎನ್ನಕೂಡದು ಎಂಬುದಕ್ಕೆ ಇದೇ ಕಾರಣ.

ವಿದ್ಯುತ್ತಿನ ಕಡೆಯ ಕಾರಣಗಳು

ಮೊದಲನೆಯದು ವೋಲ್ಟೇಜು ಇಳಿಯುವುದು. ಮೂರು ಫೇಸಿನ ತಂತಿಯಲ್ಲಿ 415 ವೋಲ್ಟು ಇರಬೇಕಾದಲ್ಲಿ 340 ಬಂದರೆ, ಅದೇ ಕೆಲಸಕ್ಕೆ ಮೋಟಾರು ಸುಮಾರು ಐದನೆಯ ಒಂದು ಪಾಲು ಹೆಚ್ಚು ಆಂಪಿಯರ್ ಎಳೆಯುತ್ತದೆ. ಕಾವು ಒಂದೂವರೆ ಪಟ್ಟಿಗೆ ಸಮೀಪಿಸುತ್ತದೆ. ಕರೆಂಟು ಬಂದೊಡನೆ ತಾನೇ ಹತ್ತಿಕೊಳ್ಳುವ ಆಟೋ ಸ್ವಿಚ್ಚನ್ನು ಎಲ್ಲರೂ ಹಾಕಿಕೊಂಡರೆ, ಒಂದೇ ಟ್ರಾನ್ಸ್‌ಫಾರ್ಮರಿನ ಮೋಟಾರುಗಳೆಲ್ಲ ಒಂದೇ ಗಳಿಗೆಯಲ್ಲಿ ಏಳುತ್ತವೆ. ನೇರವಾಗಿ ಏಳುವ ಮೋಟಾರು ಮಾಮೂಲಿಗಿಂತ ಆರೇಳು ಪಟ್ಟು ಕರೆಂಟು ಎಳೆಯುತ್ತದೆ. ಆಗ ವೋಲ್ಟೇಜು ಕುಸಿದು ಯಾರ ಮೋಟಾರೂ ಸರಿಯಾಗಿ ಏಳದು. ನೆರೆಹೊರೆಯ ರೈತರು ಮಾತಾಡಿಕೊಂಡು, ಒಬ್ಬೊಬ್ಬರು ಎರಡೆರಡು ನಿಮಿಷ ತಡವಾಗಿ ಏಳುವಂತೆ ಟೈಮರು ಹೊಂದಿಸಿಕೊಂಡರೆ ಎಲ್ಲರಿಗೂ ಕ್ಷೇಮ.

ಎರಡನೆಯದು ಒಂದು ಫೇಸು ಹೋಗುವುದು. ಮೋಟಾರುಗಳ ಪರಮ ಶತ್ರು ಇದೇ. ಓಡುತ್ತಿರುವ ಮೋಟಾರು ಉಳಿದೆರಡು ಫೇಸುಗಳಿಂದ ಸುಮಾರು ಒಂದೂಮುಕ್ಕಾಲು ಪಟ್ಟು ಕರೆಂಟು ಎಳೆದು ಓಡುತ್ತಲೇ ಇರುತ್ತದೆ. ದುಡಿಯುವ ಸುರುಳಿಗಳಲ್ಲಿ ಕಾವು ಮೂರು ಪಟ್ಟಿಗೇರುತ್ತದೆ. ನಿಂತ ಮೋಟಾರಾದರೆ ತಿರುಗದೆ ಗುಂಯ್ ಎನ್ನುತ್ತದೆ. ಆ ಸದ್ದು ಕೇಳಿದ ಕ್ಷಣವೇ ಸ್ವಿಚ್ಚು ಆರಿಸತಕ್ಕದ್ದು. ಎರಡು ಫೇಸು ಇರುವ ಹೊತ್ತಿನಲ್ಲಿ ಕಂಡೆನ್ಸರು ಕಟ್ಟಿ ಮೂರು ಫೇಸಿನ ಮೋಟಾರನ್ನು ಓಡಿಸುವ ಚಾಳಿಯೂ ಹಳ್ಳಿಗಳಲ್ಲಿ ಉಂಟು. ಇದು ಒಂದು ದಿನದ ನೀರಿಗೆ ಮೋಟಾರನ್ನೂ, ಊರಿನ ಟ್ರಾನ್ಸ್‌ಫಾರ್ಮರನ್ನೂ ಒತ್ತೆಯಿಡುವ ಕೆಲಸ.

ಮೂರನೆಯದು ಮೂರು ಫೇಸುಗಳು ಸಮನಾಗಿಲ್ಲದಿರುವುದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬಂತೆ, ಫೇಸುಗಳ ನಡುವೆ ವೋಲ್ಟೇಜು ನೂರಕ್ಕೆ ಮೂರೂವರೆಯಷ್ಟು ಹೆಚ್ಚುಕಡಿಮೆಯಾದರೂ ಮೋಟಾರಿನ ಬಿಸಿ ಏರಿಕೆ ನೂರಕ್ಕೆ ಇಪ್ಪತ್ತೈದರಷ್ಟು ಹೆಚ್ಚುವುದುಂಟು. ಸಡಿಲವಾದ ಒಂದು ಸ್ಕ್ರೂ, ಕಪ್ಪಾದ ಒಂದು ಜೋಡಣೆ ಸಾಕು, ಈ ಅನಾಹುತಕ್ಕೆ.

ಕಂಪ್ರೆಸರಿನ ಕಡೆಯ ಕಾರಣಗಳು

ಬೋರಿನ ನೀರಿನಲ್ಲಿ ಗಾಳಿಯ ಕೊಳವೆ ಎಷ್ಟು ಆಳ ಮುಳುಗಿದೆಯೋ ಅಷ್ಟು ನೀರಿನ ಭಾರವನ್ನು ಕಂಪ್ರೆಸರು ತಳ್ಳಬೇಕು. ಸುಮಾರು 33 ಅಡಿ ನೀರಿಗೆ ಒಂದು ಕಿಲೋ ಒತ್ತಡ. ಕೊಳವೆ 330 ಅಡಿ ಮುಳುಗಿದ್ದರೆ ಏಳುವಾಗ 10 ಕಿಲೋ ಬೇಕು. ರಾತ್ರಿಯೆಲ್ಲ ನೀರೂರಿ ಮಟ್ಟ ಏರಿರುವ ಬೆಳಗಿನ ಜಾವದಲ್ಲಿಯೇ ಮೋಟಾರಿಗೆ ಹೆಚ್ಚು ಹೊರೆ; ನೀರು ಇಳಿಯುತ್ತ ಹೋದಂತೆ ಹೊರೆಯೂ ಇಳಿಯುತ್ತದೆ. ಮಳೆಗಾಲ ಮುಗಿದು ಬೋರು ತುಂಬಿದಾಗ ಸ್ಟಾರ್ಟರು ಪದೇ ಪದೇ ಬಿದ್ದರೆ ಕಾರಣ ಇಲ್ಲಿರಬಹುದು. ಆಗ ಕೊಳವೆಯನ್ನು ಕೆಲವು ಅಡಿ ಮೇಲೆತ್ತಿಸುವುದು ಲೇಸು. ಸ್ಟಾರ್ಟರನ್ನು ಬಿಗಿಮಾಡುವುದು ಲೇಸಲ್ಲ.

ಹೆಚ್ಚು ಗಾಳಿಯಾಸೆಗೆ ಮೋಟಾರಿನ ಪುಲ್ಲಿಯನ್ನು ದೊಡ್ಡದು ಮಾಡುವವರುಂಟು. ಪುಲ್ಲಿ ದೊಡ್ಡದಾದರೆ ಕಂಪ್ರೆಸರಿನ ವೇಗ ಹೆಚ್ಚುತ್ತದೆ, ಅದರೊಡನೆ ಮೋಟಾರಿನ ಹೊರೆಯೂ ಹೆಚ್ಚುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚತಕ್ಕದ್ದು. ಬೆಲ್ಟು ಅತಿ ಬಿಗಿಯಾದರೆ ಬೇರಿಂಗು ಬಿಸಿಯಾಗುತ್ತದೆ. ಅತಿ ಸಡಿಲವಾದರೆ ಜಾರಿ ಬೆಲ್ಟೇ ಸೀಯುತ್ತದೆ. ಆಯಿಲು ಇಳಿದರೆ, ವಾಲ್ವು ಸೋರಿದರೆ, ಗಾಳಿ ಸೋಸುವ ಜಾಳಿಗೆ ಧೂಳು ಕಟ್ಟಿದರೆ ಯಂತ್ರ ಕಾಯುತ್ತದೆ. ಒತ್ತಡ ತುಂಬಿರುವಾಗಲೇ ಮತ್ತೆ ಚಾಲೂ ಮಾಡಕೂಡದು. ಒಳಗಿನ ಗಾಳಿಯನ್ನು ಬಿಟ್ಟು, ಹಗುರಾದ ಮೇಲೆ ಎಬ್ಬಿಸಬೇಕು. ಗಾಲಿಯ ಮೇಲಿನ ಬಾಣದ ಗುರುತಿನ ಕಡೆಗೇ ಯಂತ್ರ ತಿರುಗುತ್ತಿದೆಯೇ ನೋಡಿ. ಆ ಗಾಲಿಯೇ ಬೀಸಣಿಗೆ. ತಿರುಗುಮುರುಗಾದರೆ ತಂಪು ಗಾಳಿ ಯಂತ್ರಕ್ಕೆ ಬಡಿಯದು. ತಗಡಿನ ಗುಡಿಸಲಿನಲ್ಲಿ ಕಿಟಕಿಯಿಲ್ಲದೆ ಮೋಟಾರನ್ನು ಮುಚ್ಚಿಡುವುದು, ಅದರ ಮೇಲೆ ಗೋಣಿ ಹೊದಿಸುವುದು ಕೂಡದು.

ಫ್ಯೂಸು ಸಾಲದು, ರಿಲೇ ಬೇಕು

ಫ್ಯೂಸು ಇದೆಯಲ್ಲ ಎಂದು ಅನೇಕರು ನಿಶ್ಚಿಂತರಾಗಿರುತ್ತಾರೆ. ತಂತಿಗೆ ತಂತಿ ತಗುಲಿದಾಗ ಬೆಂಕಿ ಏಳದಂತೆ ತಡೆಯುವುದು ಫ್ಯೂಸಿನ ಕೆಲಸ. ಒಂದೂಕಾಲು, ಒಂದೂವರೆ ಪಟ್ಟು ಹೊರೆ ಗಂಟೆಗಟ್ಟಲೆ ಸಾಗಿದರೆ ಫ್ಯೂಸಿಗೆ ಗೊತ್ತಾಗದು. ಅಷ್ಟೇ ಅಲ್ಲ, ಮೂರರಲ್ಲಿ ಒಂದು ಫ್ಯೂಸು ಹೋದರೆ ಅದೇ ಒಂದು ಫೇಸು ಹೋದಂತೆ! ಕಾಯಬೇಕಾದವನೇ ಕೊಲ್ಲುವ ಸಂದರ್ಭ ಇದು. ಇನ್ನು ಎಳೆ ಎಳೆ ತಾಮ್ರ ಸುತ್ತಿ ದಪ್ಪ ಫ್ಯೂಸು ಹಾಕಿದರೆ ಅದು ಫ್ಯೂಸೇ ಅಲ್ಲ.

ಹೊರೆಯನ್ನು ಕಾಯುವವನು ಸ್ಟಾರ್ಟರಿನೊಳಗಿನ ಓವರ್‌ಲೋಡ್ ರಿಲೇ. ಅದರಲ್ಲಿ ಎರಡು ಲೋಹಗಳನ್ನು ಬೆಸೆದ ಪಟ್ಟಿಗಳಿರುತ್ತವೆ. ಕಾವೇರಿದರೆ ಒಂದು ಲೋಹ ಹೆಚ್ಚು ಹಿಗ್ಗಿ ಪಟ್ಟಿ ಬಾಗುತ್ತದೆ. ಬಾಗಿ ಸ್ವಿಚ್ಚನ್ನು ಬೀಳಿಸುತ್ತದೆ. ಸ್ವಲ್ಪ ಹೊರೆ ಹೆಚ್ಚಾದರೆ ತಡವಾಗಿಯೂ, ಬಹಳ ಹೆಚ್ಚಾದರೆ ಕ್ಷಣಗಳಲ್ಲಿಯೂ ಬೀಳುವಂತೆ ಅದನ್ನು ಮಾಡಿದ್ದಾರೆ. ಆದ್ದರಿಂದ ಏಳುವಾಗಿನ ಗಳಿಗೆಯ ಹೊರೆಗೆ ಅದು ಬೀಳದು.

ಈ ರಿಲೇಯ ಮೇಲೆ ಒಂದು ಮುಳ್ಳು ಅಥವಾ ತಿರುಗಣೆ ಇದೆ. ಅದನ್ನು ಮೋಟಾರಿನ ಹಲಗೆಯ ಮೇಲೆ ಬರೆದಿರುವ ಆಂಪಿಯರಿಗೆ ನಿಲ್ಲಿಸಬೇಕು. ಹಲಗೆಯ ಬರಹ ಇಂಗ್ಲಿಷಿನಲ್ಲಿರುತ್ತದೆ. ಶಾಲೆಗೆ ಹೋಗುವ ಮಗನಿಂದಲೋ ಮಗಳಿಂದಲೋ ಓದಿಸಿ, ಅಂಕಿಯನ್ನು ಗೋಡೆಯ ಮೇಲೆ ಕನ್ನಡದಲ್ಲಿ ಬರೆದಿಡಿ. ಅಂದಾಜಿಗೆ 5 ಕುದುರೆ ಶಕ್ತಿಯ ಮೋಟಾರಿಗೆ 7 ರಿಂದ 8, 10 ಕುದುರೆ ಶಕ್ತಿಯದಕ್ಕೆ 14 ರಿಂದ 15 ಆಂಪಿಯರ್.

ಸ್ಟಾರ್–ಡೆಲ್ಟಾ ಸ್ಟಾರ್ಟರಿದ್ದವರು ಇನ್ನೊಂದನ್ನು ಗಮನಿಸತಕ್ಕದ್ದು. ಅನೇಕ ಸ್ಟಾರ್ಟರುಗಳಲ್ಲಿ ರಿಲೇಯ ಮೂಲಕ ಪೂರ್ತಿ ಕರೆಂಟು ಹರಿಯದೆ ನೂರಕ್ಕೆ 58 ಪಾಲು ಮಾತ್ರ ಹರಿಯುತ್ತದೆ. ಅಂಥಲ್ಲಿ 14 ಆಂಪಿಯರಿನ ಮೋಟಾರಿಗೆ ರಿಲೇಯನ್ನು 8ಕ್ಕೆ ಇಡಬೇಕು. ತಿಳಿಯದೆ 14ಕ್ಕೇ ಇಟ್ಟರೆ ಮೋಟಾರು 24 ಆಂಪಿಯರ್ ಎಳೆಯುವವರೆಗೂ ರಿಲೇ ಮಿಸುಕದು. ನಿಮ್ಮ ಸ್ಟಾರ್ಟರು ಯಾವ ಬಗೆಯದೆಂದು ಮುಚ್ಚಳದ ಒಳಗಿನ ನಕ್ಷೆ ನೋಡಿ ಹೇಳುವಂತೆ ಮೆಕ್ಯಾನಿಕ್ಕನನ್ನು ಕೇಳಿರಿ. ಇದರ ಜೊತೆಗೆ, ಒಂದು ಫೇಸು ಹೋದೊಡನೆ ನಿಲ್ಲಿಸುವ ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಎಂಬ ಚಿಕ್ಕ ಪೆಟ್ಟಿಗೆಯನ್ನೂ ಹಾಕಿಸಿಕೊಳ್ಳುವುದು ಬಹಳ ಅಗತ್ಯ.

ರಿಲೇ ಬಿದ್ದರೆ ಸಿಟ್ಟಾಗಬೇಡಿ. ಹತ್ತು ನಿಮಿಷ ಆರಲು ಬಿಟ್ಟು, ಕಾರಣ ಹುಡುಕಿ, ಒಮ್ಮೆ ಎಬ್ಬಿಸಿ ನೋಡಿ. ಮತ್ತೆ ಬಿದ್ದರೆ ಮೆಕ್ಯಾನಿಕ್ಕನನ್ನು ಕರೆಯಿರಿ. ಗುಂಡಿಗೆ ಕಡ್ಡಿ ಸಿಕ್ಕಿಸುವುದು, ದಾರ ಕಟ್ಟುವುದು, ರಿಲೇಯನ್ನೇ ಬಿಟ್ಟು ನೇರವಾಗಿ ತಂತಿ ಕೊಡುವುದು, ಕಾವಲು ನಾಯಿಯ ಬಾಯಿ ಕಟ್ಟಿ ಮಲಗಿದಂತೆ.

ತಂಪು ಕೋಣೆಯವರಿಗೆ ಒಂದು ಮಾತು

ಹೊಸೂರಿನ ಸುತ್ತ ಗುಲಾಬಿಯನ್ನು ತಂಪು ಕೋಣೆಯಲ್ಲಿಟ್ಟು ಕಳಿಸುವವರೂ, ಹಾಲನ್ನು 4 ಡಿಗ್ರಿಗೆ ಇಳಿಸಿ ಇಡುವ ಸಂಘಗಳೂ ಇವೆ. ಅಲ್ಲಿನ ಮುಚ್ಚಿದ ಕಂಪ್ರೆಸರಿನ ಮೋಟಾರು ಹಿಂದಿರುಗಿ ಬರುವ ತಂಪು ಅನಿಲದಿಂದಲೇ ತಣಿಯುತ್ತದೆ. ಅನಿಲ ಸೋರಿ ಕಡಿಮೆಯಾದರೆ ಕರೆಂಟು ಕಡಿಮೆಯೇ ಇದ್ದರೂ ಮೋಟಾರು ಕಾದು ಸುಡಬಲ್ಲದು. ಆಗ ಹೊರಗಿನ ರಿಲೇಗೆ ಸುಳಿವೇ ಸಿಗದು. ಹೀಗೆ ಕರೆಂಟು ಹೆಚ್ಚುವುದು ಬೇರೆ, ಬಿಸಿ ಹೆಚ್ಚುವುದು ಬೇರೆ. ಆದ್ದರಿಂದ ಇಂಥ ಮೋಟಾರುಗಳಲ್ಲಿ ಸುರುಳಿಯ ಬಿಸಿಯನ್ನೇ ಮುಟ್ಟಿ ನೋಡುವ ಕಾವಲನ್ನು ಒಳಗೇ ಇಟ್ಟಿರುತ್ತಾರೆ. ಅದರ ತಂತಿಯನ್ನು ಬಿಚ್ಚಿ ಬದಿಗಿಡಲು ಯಾರಿಗೂ ಬಿಡಬೇಡಿ. ನಿಂತ ಕಂಪ್ರೆಸರನ್ನು ಮೂರರಿಂದ ಐದು ನಿಮಿಷದೊಳಗೆ ಮತ್ತೆ ಎಬ್ಬಿಸಬೇಡಿ. ಹೊರಗಿನ ಜಾಲರಿಯ ಧೂಳನ್ನು ಆಗಾಗ ಊದಿಸಿರಿ.

ಕೊನೆಯದಾಗಿ

ಪೆಟ್ಟಿಗೆ ತೆರೆಯುವ ಮೊದಲು ಮೇನ್ ಸ್ವಿಚ್ಚು ಆರಿಸಿ. ಒದ್ದೆ ಕೈ, ಬರಿಗಾಲು ಕೂಡದು. ಮೋಟಾರಿಗೂ ಸ್ಟಾರ್ಟರಿಗೂ ಭೂಮಿಯ ತಂತಿ ಇರಲಿ, ಬೇಸಿಗೆಯಲ್ಲಿ ಅದರ ಗುಂಡಿಗೆ ನೀರು ಹೊಯ್ಯಿರಿ. ಬೆಲ್ಟಿಗೆ ಮರೆ ಇರಲಿ. ಗಾಳಿ ತೊಟ್ಟಿಯ ಸೇಫ್ಟಿ ವಾಲ್ವನ್ನು ಎಂದಿಗೂ ಮುಚ್ಚಬೇಡಿ. ವೈಂಡಿಂಗು ಮಾಡಿಸಲೇಬೇಕಾದರೆ ಮೊದಲಿದ್ದ ದಪ್ಪದ ತಂತಿಯನ್ನೇ, ಮೊದಲಿದ್ದಷ್ಟೇ ಸುತ್ತು ಹಾಕಿಸಿ. ಸುಟ್ಟ ಕಾರಣವನ್ನು ಸರಿಪಡಿಸದೆ ಮೋಟಾರನ್ನು ಮತ್ತೆ ಕೂರಿಸಬೇಡಿ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನಮ್ಮ ಪಾಲಿಗೆ ಬಾರದಿರಲಿ. ರೈತ ಬಾಂಧವರು ಈ ವಾರವೇ ಬಿಡುವು ಮಾಡಿಕೊಂಡು, ಮೋಟಾರಿನ ಹಲಗೆಯ ಅಂಕಿಯನ್ನೂ ರಿಲೇಯ ಅಂಕಿಯನ್ನೂ ಒಂದಕ್ಕೊಂದು ಹೋಲಿಸಿ ನೋಡುವರಾಗಲಿ.